ಅಪ್ಪ ಆಡಿದ ಒಳ್ಳೆಯ ಮಾತು

ಹೊಳಲಿನ ಲೈನ್‌ಮನ್ ಮಹದೇವಯ್ಯ ಮಕ್ಕಳನ್ನು ಬಾಯಿಬಿಟ್ಟು ಹೊಗಳುವ ಪೈಕಿಯೇ ಅಲ್ಲ. ಆ ಮನೆಯ ರಿವಾಜೇ ಹಾಗೆ. ಒಳ್ಳೆಯದನ್ನು ಮೊದಲೇ ಆಡಿದರೆ ದೃಷ್ಟಿಯಾಗುತ್ತದೆ, ಆಗುವ ಕೆಲಸವೂ ಕೆಡುತ್ತದೆ. ಮಗಳು ನಾಗಶ್ರೀ ರೈಫಲ್ ಚೀಲ ಹೆಗಲಿಗೇರಿಸಿ ಯಾವ ಪಂದ್ಯಕ್ಕೆ ಹೊರಟರೂ ಅವನ ಆಶೀರ್ವಾದ ಒಂದೇ: "ಸೋತ್ರೆ ಸೋತ್ಕೊ ಓಗು. ಮಧ್ಯಾನ್ಕೆ ಉಣ್ಣಾಕ್ ಬಾ." ಅವಳು ನಗುತ್ತಾ ಹೋಗುವಳು, ಗುರಿಯ ನಟ್ಟನಡುವಿಗೆ ಹೊಡೆದು ಬರುವಳು. ಹಾಗೇ ನಡೆದುಕೊಂಡು ಹೋಗಿದ್ದರೆ ಯಾರ ಗಂಟು ಹೋಗುತ್ತಿತ್ತು?

ಈ ಸಲ ರಾಜ್ಯ ತಂಡಕ್ಕೆ ಆಯ್ಕೆಯ ಪಂದ್ಯ. ಜೂನಿಯರ್ ವಯಸ್ಸಿನಲ್ಲಿ ಅವಳಿಗೆ ಇದೇ ಕೊನೆಯದು. ಕೋಚ್ ಯತೀಶ್ ಅಪ್ಪ ಅಮ್ಮಂದಿರನ್ನೆಲ್ಲ ಮಂಡ್ಯದ ಶೂಟಿಂಗ್ ರೇಂಜಿನಲ್ಲಿ ಕೂರಿಸಿಕೊಂಡು, "ಈ ಆಟದಲ್ಲಿ ಕೈಗಿಂತ ಮನಸ್ಸು ದೊಡ್ಡದು. ಮನೇಲಿ ಸೋಲಿನ ಮಾತು ಆಡಬೇಡಿ. ಧೈರ್ಯ ತುಂಬಿ" ಎಂದ. ಅಷ್ಟರಲ್ಲಿ ಮಹದೇವಯ್ಯನಿಗೆ ಊರಿನ ರೈತನೊಬ್ಬನ ಫೋನು ಬಂತು. "ಕರೆಂಟು ಓಯ್ತು ಕಣಣ್ಣೊ, ಪಂಪ್‌ಸೆಟ್ ನಿಂತೋಗದೆ." ಹೊರಗೆ ಹೋಗಿ ಸಮಾಧಾನ ಹೇಳಿ ಬರುವಷ್ಟರಲ್ಲಿ ಸಭೆ ಮುಗಿದು ಟೀ ಬಂದಿತ್ತು. ಕೇಳಿದ ಅರ್ಧವೇ ಎದೆಗೆ ನಾಟಿತು. ಇಷ್ಟು ವರ್ಷ ಹೆತ್ತ ಮಗಳಿಗೆ ಅಪಶಕುನ ನುಡಿದೆನಲ್ಲ ಎಂದು ಕೊರಗಿದ.

ಆಯ್ಕೆಯ ದಿನ ಹೊಸಿಲು ದಾಟುತ್ತಿದ್ದವಳ ತಲೆ ಮೇಲೆ ಕೈಯಿಟ್ಟ. "ಗೆದ್ದೇ ಗೆಲ್ತೀಯ ಕಣವ್ವ. ನಂಗೊತ್ತು."

ಒಲೆ ಮುಂದಿದ್ದ ಹೆಂಡತಿ ಮರಿತಾಯಮ್ಮ ಬೆಚ್ಚಿಬಿದ್ದಳು. "ಇದ್ಯಾಕಿಂಗಂದ್ರಿ? ತಡೀರಿ, ಉಪ್ಪು ನಿವಾಳಿಸ್ತೀನಿ."

ನಾಗಶ್ರೀ ಅಪ್ಪನ ಮುಖವನ್ನೇ ನೋಡಿ ಹ್ಞೂಂ ಎಂದಳು. ನಗಲಿಲ್ಲ.

ರೇಂಜಿನಲ್ಲಿ ಮೊದಮೊದಲು ಅಂಕ ತೋರಿಸುವ ಪರದೆಯ ಮೇಲೆ ಹತ್ತರ ಮೇಲೆ ಹತ್ತು ಬಿತ್ತು. ಆಮೇಲೆ ಅವಳು ರೈಫಲ್ ಎತ್ತುವುದು, ಹೊಡೆಯದೆ ಇಳಿಸುವುದು, ಮತ್ತೆ ಎತ್ತುವುದು ಶುರುವಾಯಿತು. ಒಂಬತ್ತು. ಇನ್ನೊಂದು ಒಂಬತ್ತು. ಎಂದೂ ಹಿಂದೆ ನೋಡದ ಹುಡುಗಿ ತಿರುಗಿ ಅಪ್ಪನನ್ನು ಹುಡುಕಿದಳು. ಈ ಪುಣ್ಯಾತ್ಮ ಎದ್ದು ನಿಂತು ಎರಡೂ ಹೆಬ್ಬೆರಳು ಎತ್ತಿ ತೋರಿಸಿದ. ಮುಂದಿನದು ಎಂಟು.

ಪಕ್ಕದಲ್ಲಿದ್ದ ಯತೀಶ್ ಪಿಸುಗುಟ್ಟಿದ. "ಅಣ್ಣ, ಬೆಳಿಗ್ಗೆ ಏನಾದ್ರೂ ಹೇಳಿದ್ರಾ?"

"ನೀವೇಳ್ದಂಗೇ ಸಾ. ಗೆದ್ದೇ ಗೆಲ್ತೀಯ ಅಂದೆ."

"ಸೋಲಿನ ಮಾತೂ ಬೇಡ, ಗೆಲುವಿನ ಮಾತೂ ಬೇಡ ಅಂದಿದ್ನಲ್ಲಣ್ಣ. ಗೆಲುವು ತಲೇಲಿ ಕೂತ್ರೆ ಕಣ್ಣು ಗುರಿ ಮೇಲೆ ನಿಲ್ಲಲ್ಲ."

ಮಹದೇವಯ್ಯ ಅವಳತ್ತ ಹೆಜ್ಜೆಯಿಟ್ಟ. "ಆಗ ನಾನು ಫೋನಲ್ಲಿದ್ದೆ. ಒಂದೇ ಒಂದ್ ಮಾತು ಏಳಿ ಬತ್ತೀನಿ, ಬುಡಿ ಸಾ."

"ಈಗ ಏನು ಹೇಳಿದ್ರೂ ಇನ್ನೂ ಕೆಡುತ್ತೆ. ಕೂತ್ಕೊಳಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುರಿವ ಮಳೆಯಲ್ಲಿ ಕಂಬ ಹತ್ತುವ ಗಂಡಸು ಕೈ ಹಿಸುಕಿಕೊಂಡು ಕೂತ. ಕೂತರೆ ತನ್ನ ಮುಖವೇ ಅವಳಿಗೆ ಭಾರ. ಸದ್ದಾಗದಂತೆ ಎದ್ದು ಬಾಗಿಲ ಹಿಂದೆ ಸರಿದು ನಿಂತ. ಅವಳು ಮತ್ತೆ ತಿರುಗಿದಳು. ಖಾಲಿ ಕುರ್ಚಿ ಕಂಡು ಅವಳ ಮುಖ ಬಿಳಿಚಿಕೊಂಡದ್ದು ಸಂದಿಯಿಂದ ಅವನಿಗೆ ಚೆನ್ನಾಗಿಯೇ ಕಂಡಿತು. ಅಯ್ಯೊ ಅನ್ನುವುದಕ್ಕೂ ಅಲ್ಲಿ ಅಪ್ಪಣೆಯಿರಲಿಲ್ಲ.

ತಂಡದಲ್ಲಿ ಅವಳಿಗೆ ಜಾಗ ಸಿಗಲಿಲ್ಲ.

ಊರಿನ ಬಸ್ಸಿನಲ್ಲಿ ಅವನೇ ಬಾಯಿಬಿಟ್ಟ. "ಎಲ್ಲಾ ನನ್ನಿಂದಾನೇ ಆಯ್ತು ಕಣವ್ವ. ಬಯ್ದುಬುಡು."

"ನಿನ್ನ ಯಾಕಪ್ಪ ಬಯ್ಲಿ?" ನಾಗಶ್ರೀ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಒಂದ್ಸಲನಾದ್ರೂ ಗೆಲ್ತೀಯ ಅಂತೀಯೇನೋ ಅಂತ ಚಿಕ್ಕೋಳಿದ್ದಾಗಿಂದ ಕಾಯ್ತಿದ್ದೆ. ಇವತ್ತು ಅಂದ್ಬುಟ್ಟೆ. ನಿನ್ ಮಾತು ಸುಳ್ಳಾಗ್ಬಾರ್ದು ಅಂತಾನೇ ಕೈ ನಡುಗ್ತು ಕಣಪ್ಪ."

ಮಹದೇವಯ್ಯ ಏನೋ ಹೇಳಲು ಹೋದ. ಒಳ್ಳೆಯದನ್ನು ಆಡುವುದಕ್ಕೂ ಹೆದರಿಕೆ, ಕೆಟ್ಟದ್ದನ್ನು ಆಡುವುದಕ್ಕೂ ಹೆದರಿಕೆ. ಇಳಿಯುವ ಸ್ಟಾಪು ಬಂದಾಗ ಅವಳ ರೈಫಲ್ ಚೀಲವನ್ನು ತಾನೇ ಹೆಗಲಿಗೇರಿಸಿಕೊಂಡು ಇಳಿದ.