ಖಾಲಿ ಬಿಟ್ಟ ಕಾಲಂ

ನಾನು ಅನಸೂಯಾ ಮೇಡಂ ಅವರ ಕ್ಯಾಲ್ಕುಲೇಟರ್. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ. ಕಣ್ಣು ಬಿಟ್ಟದ್ದು ಧಾರವಾಡದ ಪುಸ್ತಕದಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ. ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಅನಸೂಯಾ ಕೊಣ್ಣೂರ ಎಂಬ ಹುಡುಗಿ ನನ್ನನ್ನು ಕೊಂಡಳು. ಮುಂದೆ ಅವರು ಅಧ್ಯಾಪಕಿಯಾದರು, ಪಿಎಚ್.ಡಿ. ಮುಗಿಸಿದರು, ವಿಭಾಗಕ್ಕೇ ಮುಖ್ಯಸ್ಥೆಯಾದರು. ಇಷ್ಟು ವರ್ಷದಲ್ಲಿ ನನ್ನ ಲೆಕ್ಕ ಒಮ್ಮೆಯೂ ತಪ್ಪಲಿಲ್ಲ. ಸ್ವಲ್ಪ ಜಂಬವಿದೆ, ಇರಲಿ ಬಿಡಿ.

ನಲವತ್ತಾರನೆಯ ವಯಸ್ಸಿಗೆ ಮೇಡಂ ಹುಬ್ಬಳ್ಳಿಯ ಕಂಪನಿಯೊಂದರ ಡೇಟಾ ವಿಭಾಗ ನಡೆಸಲು ಹೋದರು. ಅಲ್ಲಿನ ಕಂಪ್ಯೂಟರ್‌ಗಳ ನಡುವೆ ನನ್ನನ್ನು ಕಂಡು ಎಲ್ಲರೂ ನಕ್ಕರು. ಹಿತ್ತಲ ಗಿಡ ಮದ್ದಲ್ಲವಲ್ಲ! ಆದರೆ ಮೇಡಂಗೆ ಒಂದು ರೂಢಿ. ಯಂತ್ರ ಏನೇ ಹೇಳಲಿ, ಹತ್ತು ಜನರ ವಿವರ ಆರಿಸಿ ನನ್ನ ಮೇಲೆ ಮತ್ತೆ ಲೆಕ್ಕ ಮಾಡಲೇಬೇಕು.

ಆಗ ಅವರು ಆರೋಗ್ಯ ಇಲಾಖೆಗಾಗಿ ಕಟ್ಟುತ್ತಿದ್ದದ್ದು ಬಸುರಿಯರ ಪಟ್ಟಿ. ಜಿಲ್ಲೆಯಲ್ಲಿ ನರ್ಸ್‌ಗಳು ಕಡಿಮೆ. ಯಾರ ಮನೆಗೆ ಮೊದಲು ಹೋಗಬೇಕೆಂದು ಕಂಪ್ಯೂಟರ್ ಹೇಳಬೇಕಿತ್ತು. ಸೋಮವಾರ ಆ ಪಟ್ಟಿಯ ಉದ್ಘಾಟನೆ. ಶುಕ್ರವಾರ ಮೇಡಂ ಹತ್ತು ಹೆಸರು ಆರಿಸಿ ನನ್ನನ್ನು ಎಳೆದುಕೊಂಡರು. ಎಲ್ಲ ಲೆಕ್ಕವೂ ತಾಳೆಯಾಯಿತು. ನಾನು ಒಳಗೊಳಗೇ ಬೀಗಿದೆ.

ಮೇಡಂ ಮಾತ್ರ ಬೆರಳು ನಿಲ್ಲಿಸಿದರು. ಮೂವರು ಹೆಂಗಸರ ಹಿಮೋಗ್ಲೋಬಿನ್ ಒಂದೇ ಇತ್ತು: 11.4. ಸಹಾಯಕಿ ಶಬಾನಾ ನದಾಫ್‌ಳನ್ನು ಕರೆದು ಕೇಳಿದರು. ಅವಳು ತಲೆ ತಗ್ಗಿಸಿ ಹೇಳಿದಳು: "ಅವ್ರು ರಕ್ತ ಪರೀಕ್ಷೆಗೇ ಬಂದಿಲ್ರಿ ಮೇಡಂ. ಖಾಲಿ ಇದ್ದಲ್ಲೆ ಸರಾಸರಿ ತುಂಬು ಅಂತ ನೀವ ಹೇಳಿದ್ರಿ."

ಮೇಡಂ ಆ ಮೂವರಲ್ಲಿ ಒಬ್ಬಳಿಗೆ ಫೋನ್ ಮಾಡಿಸಿದರು. ಗಂಗವ್ವ, ಏಳು ತಿಂಗಳ ಬಸುರಿ. ಊರಿಗೆ ಬಸ್ಸಿಲ್ಲ, ನಡೆದರೆ ಕಣ್ಣು ಕತ್ತಲೆ ಬರುತ್ತದೆ, ಅದಕ್ಕೇ ಪರೀಕ್ಷೆಗೆ ಹೋಗಿರಲಿಲ್ಲ. ನಮ್ಮ ಪಟ್ಟಿಯಲ್ಲಿ ಅವಳು ಆರೋಗ್ಯವಂತೆ. ನರ್ಸ್ ಕಟ್ಟಕಡೆಗೆ ಹೋಗಬೇಕಾದ ಮನೆ ಅವಳದು. ಅಯ್ಯೋ, ಆ ಸರಾಸರಿ ತೆಗೆದು ತೋರಿಸಿದವನೂ ನಾನೇ. ಲೆಕ್ಕ ಸರಿಯಿತ್ತು, ಆದರೂ ನನಗೆ ನಾಚಿಕೆಯಾಯಿತು.

ಉದ್ಘಾಟನೆ ಮುಗಿಯಲಿ, ಆಮೇಲೆ ತಿದ್ದೋಣ ಎಂದರು ಕಂಪನಿಯ ಯಜಮಾನರು. ಶಬಾನಾಳದೇ ತಪ್ಪೆಂದು ಬರೆದುಬಿಡಿ ಎಂದೂ ಸೂಚಿಸಿದರು.

"ಆಕಿದಲ್ಲ, ತಪ್ಪು ನಂದು," ಎಂದರು ಮೇಡಂ. "ಸೋಮವಾರ ಈ ಪಟ್ಟಿ ಹೊರಗ ಹೋಗಂಗಿಲ್ಲ."

ಹಾಗೆಂದು ಬರೆದೂ ಕೊಟ್ಟರು. ಅವತ್ತೇ ನರ್ಸ್ ಗಂಗವ್ವನ ಮನೆಗೆ ಹೋದಳು. ರಕ್ತದ ಅಂಶ ಆರಕ್ಕಿಳಿದಿತ್ತು. ಆಸ್ಪತ್ರೆಗೆ ಸೇರಿಸಿ ರಕ್ತ ಕೊಟ್ಟರು. ಪಟ್ಟಿ ಮತ್ತೆ ಕಟ್ಟುವ ಹೊತ್ತಿಗೆ ಮೇಡಂ ಅವರ ಹುದ್ದೆ ಬೇರೆಯವರಿಗೆ ಹೋಗಿತ್ತು. ಅವರು ನನ್ನನ್ನು ಚೀಲಕ್ಕೆ ಹಾಕಿಕೊಂಡು ಧಾರವಾಡಕ್ಕೆ, ಪಾಠಕ್ಕೆ ಮರಳಿದರು. ಎರಡು ತಿಂಗಳಾದ ಮೇಲೆ ಗಂಗವ್ವನಿಂದ ಫೋನ್ ಬಂತು, ತಾಯಿ ಮಗಳಿಬ್ಬರೂ ಚೆನ್ನಾಗಿದ್ದಾರೆಂದು. ಮೇಡಂ ತುಂಬ ಹೊತ್ತು ಅತ್ತರು.

ಈಗ ನನಗೆ ವಯಸ್ಸಾಗಿದೆ. ಪರದೆಯ ಗೆರೆಗಳು ಸತ್ತು, ಎಂಟನ್ನು ಮೂರೆಂದು ತೋರಿಸುತ್ತೇನೆ. ಆದರೂ ತರಗತಿಯ ಮೇಜಿನ ಮೇಲೆ ನನಗೊಂದು ಜಾಗವಿದೆ. ಪ್ರತಿ ವರ್ಷ ಮೊದಲ ದಿನ ಮೇಡಂ ಬೋರ್ಡಿನ ಮೇಲೆ ಒಂದು ಪಟ್ಟಿ ಬರೆಯುತ್ತಾರೆ. ವಿದ್ಯಾರ್ಥಿಗಳು ಸರಾಸರಿ ಹೇಳಲು ತಾ ಮುಂದು ನಾ ಮುಂದು ಎಂದು ಕೈ ಎತ್ತುತ್ತಾರೆ. ಮೇಡಂ ಕೈ ಇಳಿಸಿರೆಂದು ಸನ್ನೆ ಮಾಡಿ, ನನ್ನಲ್ಲಿ ಯಾವ ಗುಂಡಿ ಒತ್ತಿದರೂ ಉತ್ತರ ಸಿಗದ ಪ್ರಶ್ನೆಯೊಂದನ್ನು ಕೇಳುತ್ತಾರೆ:

"ಇದರಾಗ ಯಾರಿಲ್ಲ, ಅದನ್ನ ಮೊದಲ ಹೇಳ್ರಿ."