ವಿಲ್ಕಿನ್ಸ್ ದಿನದ ಹೊಸ ಹೆಸರು

ದೆಹಲಿಯ ಆ ಸಸ್ಯ ಸಂಶೋಧನಾ ಸಂಸ್ಥೆಗೆ ಪ್ರತಿ ವರ್ಷ ಡಿಸೆಂಬರ್ ಹನ್ನೊಂದರಂದು ರಜೆ. ವಿಲ್ಕಿನ್ಸ್ ಎಂಬ ಇಂಗ್ಲಿಷ್ ಸಾಹೇಬ ನೂರಿಪ್ಪತ್ತು ವರ್ಷದ ಹಿಂದೆ ನಮ್ಮ ಕಾಡುಗಳನ್ನು ಸುತ್ತಿ ಮುನ್ನೂರು ಔಷಧಿ ಗಿಡಗಳನ್ನು ಕಂಡುಹಿಡಿದನಂತೆ, ಅದಕ್ಕೇ ಅದು ವಿಲ್ಕಿನ್ಸ್ ದಿನ. ಕಾಡಿನವರು ಅಜ್ಜ ಮುತ್ತಜ್ಜನ ಕಾಲದಿಂದ ಅರೆದು ಕುಡಿಯುತ್ತಿದ್ದ ಬೇರನ್ನು ಇವನು ಹೋಗಿ ಕಂಡುಹಿಡಿಯುವುದೇನು ಬಂತು ಎಂದು ಯಾರೂ ಕೇಳಿರಲಿಲ್ಲ. ರಜೆ ಕೊಡಿಸಿದವನ ಕುಲಗೋತ್ರ ಯಾರು ವಿಚಾರಿಸುತ್ತಾರೆ?

ಕೊನೆಗೂ ಕೇಳಿದವರು ಆಡಳಿತಾಧಿಕಾರಿ ವೆಂಕಟಸುಬ್ಬಯ್ಯ. ಅದೂ 2005ರ ನವೆಂಬರಿನಲ್ಲಿ, ನಿವೃತ್ತಿಗೆ ಹತ್ತೇ ದಿನ ಉಳಿದಿದ್ದಾಗ. ಮುಂದಿನ ವರ್ಷದ ರಜೆಪಟ್ಟಿ ತಯಾರಿಸುವುದು ಅವರ ಕೊನೆಯ ಕೆಲಸವಾಗಿತ್ತು. ಪಟ್ಟಿಯಲ್ಲಿ ವಿಲ್ಕಿನ್ಸನ ಹೆಸರು ಹೊಡೆದು, 'ಆದಿವಾಸಿ ದಿನ' ಎಂದು ಬರೆದು ಕಡತವನ್ನು ಮೇಲಕ್ಕೆ ಕಳಿಸಿಬಿಟ್ಟರು. ಸಂಜೆಯೊಳಗೆ ಸಂಸ್ಥೆಯಲ್ಲೆಲ್ಲ ಗುಲ್ಲು. ನೌಕರರ ಸಂಘದ ಗೋಪಿನಾಥ ಏದುಸಿರು ಬಿಡುತ್ತ ಬಂದ.

"ಹೆಸರು ಏನು ಬೇಕಾದ್ರೂ ಇಡಿ ಸರ್. ರಜೆ ಮಾತ್ರ ಹೋಗಬಾರದು."

ನಿರ್ದೇಶಕ ದತ್ತಾತ್ರೇಯ ಕೆಟ್ಟವರಲ್ಲ, ಆದರೆ ಕಾಗದವಿಲ್ಲದೆ ನೀರೂ ಕುಡಿಯದ ಮನುಷ್ಯ. "ಸುಮ್ಮನೆ 'ಕಾಡಿನ ಜನ' ಅಂದ್ರೆ ಆಡಳಿತ ಮಂಡಳಿ ಒಪ್ಪಲ್ಲ ವೆಂಕಟಸುಬ್ಬಯ್ಯನವರೇ. ಇಂಥವರಿಂದ ನಮ್ಮ ಸಂಸ್ಥೆ ಇಂಥದ್ದನ್ನ ಕಲೀತು ಅಂತ ಒಂದು ದಾಖಲೆ, ಒಂದೇ ಒಂದು ಹೆಸರು ತನ್ನಿ. ಸಹಿ ಹಾಕ್ತೀನಿ. ನೀವು ಹೋದ ಮೇಲೆ ಈ ಕಡತ ಯಾರೂ ಮುಟ್ಟಲ್ಲ, ಅದು ನಿಮಗೂ ಗೊತ್ತು."

ದಾಖಲೆ ಇತ್ತು. ಹೆಸರಿರಲಿಲ್ಲ. ಹೆಸರಿಲ್ಲದಂತೆ ಮಾಡಿದವರು ಸ್ವತಃ ವೆಂಕಟಸುಬ್ಬಯ್ಯನವರೇ.

1971ರಲ್ಲಿ ಅವರಿನ್ನೂ ಗಿಡ ಸಂಗ್ರಹಿಸುವ ತಂಡದಲ್ಲಿ ಕಿರಿಯ ಸಹಾಯಕ. ಬಿಳಿಗಿರಿರಂಗನ ಬೆಟ್ಟದಲ್ಲಿ ಜ್ವರ ಹತ್ತಿ ಎಚ್ಚರ ತಪ್ಪಿದಾಗ ಸೋಲಿಗ ಬುಡಕಟ್ಟಿನ ಒಬ್ಬ ಹೆಂಗಸು ಅವರನ್ನು ತನ್ನ ಗುಡಿಸಲಲ್ಲಿ ಒಂಬತ್ತು ದಿನ ಮಲಗಿಸಿಕೊಂಡು, ಬೇರಿನ ಕಷಾಯ ಕುಡಿಸಿ, ರಾಗಿ ಗಂಜಿ ಉಣಿಸಿ ಬದುಕಿಸಿದಳು. ಎದ್ದು ಕೂತ ಮೇಲೆ ಇವರು ಮಾಡಿದ್ದೇನು? ಆ ಗಿಡವನ್ನೇ ಕಿತ್ತು, ಒಣಗಿಸಿ, ಹಾಳೆಗೆ ಅಂಟಿಸಿ ದೆಹಲಿಗೆ ತಂದರು. ಹಾಳೆ ಸಂಖ್ಯೆ 412. ಸಂಗ್ರಹಿಸಿದವರು: ಕೆ. ವೆಂಕಟಸುಬ್ಬಯ್ಯ. ಉಪಯೋಗ ತಿಳಿಸಿದವರು: ಸ್ಥಳೀಯರು. ಆ ಕಾಲದಲ್ಲಿ ಎಲ್ಲರೂ ಹಾಗೇ ಬರೆಯುತ್ತಿದ್ದರು. ವಿಲ್ಕಿನ್ಸನೂ ಹಾಗೇ ಬರೆದಿದ್ದ.

ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ಆ ಸಂಜೆ ಹೆಂಡತಿ ಲೀಲಾವತಿಗೆ ಇದನ್ನೆಲ್ಲ ಹೇಳಿದರು. ಆಕೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದರು.

"ಒಂಬತ್ತು ದಿನ ಗಂಜಿ ಕುಡಿಯೋಕೆ ಬಾಯಿತ್ತು. ಹೆಸರು ಕೇಳೋಕೆ ಇರಲಿಲ್ವಾ?" ಮತ್ತೆ ಸೊಪ್ಪಿಗೆ ಕೈ ಹಾಕುತ್ತ ತಾವೇ ಅಂದರು, "ಆ ತಾಯಿ ಇಲ್ಲದಿದ್ರೆ ನಾನೆಲ್ಲಿ, ಈ ಸಂಸಾರ ಎಲ್ಲಿ. ಹುಡುಕಿ. ಹೇಗಾದ್ರೂ ಮಾಡಿ ಹುಡುಕಿ."

ಹುಡುಕುವ ದಾರಿ ಕಚೇರಿಯಲ್ಲೇ ಇತ್ತು, ಧೈರ್ಯ ಇರಲಿಲ್ಲ ಅಷ್ಟೆ. ಎರಡು ತಿಂಗಳ ಹಿಂದೆ ಸಂಶೋಧನಾ ಸಹಾಯಕಿಯಾಗಿ ಸೇರಿದ್ದ ರತ್ನಮ್ಮ ಅದೇ ಬೆಟ್ಟದವಳು, ಆ ಸಂಸ್ಥೆ ಕಂಡ ಮೊದಲ ಸೋಲಿಗ ಹುಡುಗಿ. ಮರುದಿನ ವೆಂಕಟಸುಬ್ಬಯ್ಯ 412ನೆಯ ಹಾಳೆಯನ್ನು ಅವಳ ಮೇಜಿನ ಮೇಲಿಟ್ಟು, ಒಂದನ್ನೂ ಮುಚ್ಚಿಡದೆ ಹೇಳಿದರು. ಅವಳು 'ಸ್ಥಳೀಯರು' ಎಂಬ ಪದವನ್ನು ಬಹಳ ಹೊತ್ತು ನೋಡಿದಳು.

"ಕೇಳಿದ್ರೆ ಹೇಳ್ತಿದ್ರು ಸರ್," ಅಂದಳು.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆಮೇಲೆ ಅವಳೇ ಪೆನ್ನು ತೆಗೆದುಕೊಂಡಳು. "ಪೋಡಿನ ಗುರುತು ಏನಾದ್ರೂ ಇದೆಯಾ? ನಮ್ಮ ಜನರ ಊರಿಗೆ ಪೋಡು ಅಂತೀವಿ. ನಮ್ಮಣ್ಣ ಬೆಟ್ಟದ ಶಾಲೇಲಿ ಮೇಷ್ಟ್ರು, ವಿಚಾರಿಸ್ತಾನೆ." ಹಳ್ಳದ ಆಚೆ, ದೊಡ್ಡ ನೇರಳೆ ಮರ, ಹತ್ತು ಗುಡಿಸಲು. ಅವರಿಗೆ ನೆನಪಿದ್ದದ್ದು ಅಷ್ಟೇ.

ಇಪ್ಪತ್ತೆಂಟನೇ ತಾರೀಖು ಮೇಷ್ಟ್ರ ಫೋನು ಬಂತು. ಕೇತಮ್ಮ. ಊರಿಗೆಲ್ಲ ಕೇತಜ್ಜಿ. ಇದ್ದಾಳೆ, ಕಣ್ಣು ಮಂಜು, ನೆನಪು ಚೊಕ್ಕ.

ಒಣಗಿಡದ ಹಾಳೆಯಲ್ಲಿ ಹಳೆಯ ಬರಹವನ್ನು ಅಳಿಸುವಂತಿಲ್ಲ, ತಿದ್ದುಪಡಿಯಿದ್ದರೆ ಪಕ್ಕದಲ್ಲಿ ಹೊಸ ಚೀಟಿ ಅಂಟಿಸಬೇಕು. ವೆಂಕಟಸುಬ್ಬಯ್ಯನವರಿಗೆ ಈ ನಿಯಮ ಅವತ್ತು ನ್ಯಾಯವಾಗಿ ಕಂಡಿತು. ತಮ್ಮ ತಪ್ಪು ಎಲ್ಲರಿಗೂ ಕಾಣುವಂತೆ ಅಲ್ಲೇ ಇರಲಿ. 'ಉಪಯೋಗ ತಿಳಿಸಿದವರು: ಕೇತಮ್ಮ' ಎಂದು ರತ್ನಮ್ಮನ ಕೈಯಲ್ಲಿ ಬರೆಸಿ, ತಾವೇ ಅಂಟು ಹಚ್ಚಿದರು. ನಿರ್ದೇಶಕರು ಚೀಟಿಯನ್ನು ಎರಡು ಸಲ ಓದಿ, ಕಡತಕ್ಕೆ ಸಹಿ ಹಾಕಿದರು. ವಿಲ್ಕಿನ್ಸ್ ದಿನ ಆದಿವಾಸಿ ದಿನವಾಯಿತು. ರಜೆ ಉಳಿಯಿತೆಂದು ಗೋಪಿನಾಥ ಎಲ್ಲರಿಗೂ ಸಮೋಸ ತರಿಸಿದ.

ಮೂವತ್ತರಂದು ಬೆಳಿಗ್ಗೆ, ಬೀಳ್ಕೊಡುಗೆಗೆ ಮುಂಚೆ, ರತ್ನಮ್ಮ ಬೆಟ್ಟದ ಶಾಲೆಗೆ ಫೋನು ಮಾಡಿ, ಕೇತಜ್ಜಿ ಅಲ್ಲಿಗೆ ಬಂದಿದ್ದಾಳೆಂದು ಹೇಳಿ, ರಿಸೀವರನ್ನು ಅವರ ಕೈಗೆ ಕೊಟ್ಟಳು. ಹೇಳಬೇಕಾದದ್ದನ್ನು ವೆಂಕಟಸುಬ್ಬಯ್ಯ ಹಿಂದಿನ ದಿನವೇ ಬರೆದಿಟ್ಟುಕೊಂಡಿದ್ದರು. ಆ ಕಾಗದ ಜೇಬಿನಲ್ಲೇ ಉಳಿಯಿತು.

"ತಾಯಿ, ನಾನು ಬದುಕಿದ್ದು ನಿಮ್ಮಿಂದ. ಮೂವತ್ತನಾಲ್ಕು ವರ್ಷ ಆಯ್ತು, ಒಂದು ಮಾತು ಹೇಳಲಿಲ್ಲ."

"ಜ್ವರದೋನಾ?" ಆ ಕಡೆ ಮುದಿ ದನಿ ನಕ್ಕಿತು. "ಗಂಜಿಗೆ ಉಪ್ಪು ಸಾಲ್ದು ಅಂತ ಮೊಕ ಸಿಂಡರಿಸ್ತಿದ್ದೆ."

ಅವರು ಹೊಸ ಚೀಟಿಯ ವಿಷಯ, ರಜೆಯ ವಿಷಯ ಹೇಳಿದರು. ಇಷ್ಟು ವರ್ಷ ಹೆಸರು ಬರೆಯದೆ ಇದ್ದದ್ದಕ್ಕೆ ಕ್ಷಮೆ ಕೇಳಿದರು. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಲ್ಲಾ, ನಿನ್ ಹೆಸರೇನಪ್ಪಾ? ಒಂಬತ್ತು ದಿನ ಮನೇಲಿ ಮಲಗಿಸ್ಕೊಂಡು ನಾನೂ ಕೇಳ್ಲೇ ಇಲ್ಲ ನೋಡು. ತಪ್ಪಾಯ್ತು."

ಕೆ. ವೆಂಕಟಸುಬ್ಬಯ್ಯ, ಆಡಳಿತಾಧಿಕಾರಿ, ಎಂದು ಸಾವಿರಾರು ಕಾಗದಗಳಿಗೆ ಸಹಿ ಹಾಕಿದವರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ರತ್ನಮ್ಮ ಕಿಟಕಿಯ ಕಡೆ ತಿರುಗಿ ನಿಂತಳು.

"ಸುಬ್ಬಯ್ಯ ಅಂತ, ತಾಯಿ."

"ಸುಬ್ಬಯ್ಯ." ಅಜ್ಜಿ ಅದನ್ನು ಎರಡು ಸಲ ಹೇಳಿಕೊಂಡಳು. ಆಮೇಲೆ ಪಕ್ಕದಲ್ಲಿದ್ದ ಯಾರಿಗೋ ಹೇಳಿದ್ದು ಫೋನಿನಲ್ಲಿ ಕೇಳಿಸಿತು: "ನಮ್ ಸುಬ್ಬಯ್ಯನಂತೆ ಕಣ್ರೋ. ಬದುಕವ್ನೆ."