ಗಾಳಿ ಚಪ್ಪಲಿಯ ಎರಡನೇ ಪಾಳಿ

ತಪ್ಪು ನಂದೇ ಅದ, ಮೊದಲೇ ಹೇಳಿಬಿಡ್ತೀನಿ. ಆ ಗಾಳಿ ಚಪ್ಪಲಿ ಹುಟ್ಟಿಸಿದಾಕಿ ನಾನೇ.

ನಾ ಸುಮಂಗಲಾ, ಗಾಜಿಪುರದಾಕಿ, ಸಾಲ್ಯಾಗ ಗಣಿತ ಕಲಸ್ತೀನಿ. ಐತವಾರ ಮಧ್ಯಾಹ್ನ ನಮ್ಮ ಮನ್ಯಾಗ ನಾಕು ಮಂದಿ ಕುಂತು ಒಂದು ಆಟ ಆಡ್ತೀವಿ. ರೋಲ್ ಪ್ಲೇಯಿಂಗ್ ಗೇಮ್ ಅಂತಾರ. ಭಾಳ ದೊಡ್ಡ ವಿದ್ಯಾ ಏನಲ್ಲ. ಒಬ್ಬರು ಕಥಿ ಹೇಳೋರು, ಅದು ನಾನು. ಉಳದವರು ಕಥ್ಯಾಗಿನ ಒಬ್ಬೊಬ್ಬ ಮನಷ್ಯಾ ಆಗ್ತಾರ. ರಾಕ್ಷಸ ಬಂದ, ಏನ್ ಮಾಡ್ತಿ ಅಂತ ನಾ ಕೇಳ್ತೀನಿ. ಪಾಳಿ ಬಂದಂಗ ಅವರು ಹೇಳ್ತಾರ, ಇಪ್ಪತ್ತು ಮುಖದ ದಾಳ ಒಗೀತಾರ. ಕೆಲಸ ಆಗ್ತದೋ ಇಲ್ಲೋ ಅನ್ನೋದು ದಾಳದ ಮ್ಯಾಲ. ಮಗ್ಗಲ ಮನಿ ಸೂರ್ಯಕಾಂತ ಕಾಕಾ ಒಂದ್ಸಲ ದಾಳದ ಸಪ್ಪಳ ಕೇಳಿ ಬಂದು, "ಅಕ್ಕೋರೆ, ನೀವೂ ಜೂಜಾಡಾಕತ್ತೀರೇನ್ರೀ?" ಅಂತ ಕೇಳಿ ಹೋಗ್ಯಾರ.

ಆಡೋರು ಮೂರು ಮಂದಿ. ಸೇಡಂ ರಸ್ತಾದಾಗ ಬೈಕ್ ಮಾರೋ ಯಶವಂತ, ಅಂವನ ಹೆಂಡ್ತಿ ಸೌಂದರ್ಯಾ, ಮತ್ತ ನನ್ನ ತಮ್ಮ ವಿಶ್ವಾಸ.

ವಿಶ್ವಾಸ ದವಾಖಾನ್ಯಾಗ ಎಕ್ಸ್‌ರೇ ತೆಗೀತಾನ. ಮೂವತ್ತೊಂದು ವರ್ಷದ ಗಂಡಸು. ತೊದಲಾಂಗಿಲ್ಲ, ಏನಿಲ್ಲ, ಬಾಯಿ ತೆಗಿಯೋಕಿಂತ ಮೊದಲ ಭಾಳ ಹೊತ್ತು ವಿಚಾರ ಮಾಡ್ತಾನ, ಅಷ್ಟ. ಅಷ್ಟರಾಗ ಎದುರಿನವರು ಅಂವನ ಮಾತು ತಾವೇ ಮುಗಿಸಿಬಿಡ್ತಾರ. ಎಲ್ಲರಕಿಂತ ಜಾಸ್ತಿ ನಾನೇ. ನಂಗ ತಾಳ್ಮಿ ಕಮ್ಮಿ. ಲಗ್ನದಾಗ ಬಡಸೋರು ಬಂದ್ರೂ "ಅಂವಗ ಅನ್ನ ಸಾಕ್ರೀ" ಅಂತ ನಾನೇ ಹೇಳ್ತೀನಿ. ಆದ್ರ ನಮ್ಮ ಆಟದಾಗ ಒಂದು ಕಾಯ್ದೆ ಅದ: ಒಬ್ಬರ ಪಾಳಿ ಇದ್ದಾಗ ಇನ್ನೊಬ್ಬರು ಬಾಯಿ ಹಾಕಬಾರದು. ಅದಕ್ಕೇ ಅಂವಗ ಆ ಆಟ ಅಂದ್ರ ಜೀವ. ವಾರದಾಗ ಅಂವ ತನ್ನ ಮಾತು ತಾನೇ ಮುಗಿಸೋದು ಅದೊಂದೇ ಹೊತ್ತು.

ಅಂಥಾದ್ರಾಗ ನಾ ಗಾಳಿ ಚಪ್ಪಲಿ ತಂದೆ. ಕಥ್ಯಾಗ ಯಶವಂತ ಒಬ್ಬ ಸರದಾರ, ಅಂವಗ ಒಂದು ಹಾಳ ಬಾವ್ಯಾಗ ಸಿಕ್ವು. ಹಾಕ್ಕೊಂಡ್ರ ಎಲ್ಲರಕಿಂತ ಮೊದಲ ಪಾಳಿ ಅಂವಂದು, ಮ್ಯಾಲ ಇನ್ನೊಂದು ಪಾಳಿ ಪುಕ್ಕಟ. ಗಣಿತ ಕಲಸೋಳಿಗೆ ಒಂದಕ್ಕಿಂತ ಎರಡು ಎಷ್ಟು ದೊಡ್ಡದು ಗೊತ್ತಾಗ್ಲಿಲ್ಲ ನೋಡ್ರಿ! ಎರಡೇ ವಾರದಾಗ ಯಶವಂತ ತಾನೇ ಓಡ್ತಾನ, ತಾನೇ ಹೊಡೀತಾನ, ತಾನೇ ಪೆಟಗಿ ತೆಗೀತಾನ. ಉಳದಿಬ್ಬರು ಶೇಂಗಾ ತಿಂತಾ ಕುಂದರ್ತಾರ. ದಿನಕ್ಕ ಮೂರೇ ಸಲ ಅಂತ ಕಾಯ್ದೆ ಹಾಕಿದೆ. ಅಂವ ಮೂರನ್ನೂ ದೊಡ್ಡ ಜಗಳಕ್ಕೇ ಉಳಿಸಿ ಇಟ್ಕೊಂಡ. ಓಡಿದ ಮ್ಯಾಲ ಸುಸ್ತಾಗ್ತದ ಅಂದೆ. ಸುಸ್ತಾಗೋದ್ರಾಗ ಜಗಳಾನೇ ಮುಗದಿರ್ತಿತ್ತು.

ವಿಶ್ವಾಸ ಕಥ್ಯಾಗ ಕಮ್ಮಾರ. ರಾಕ್ಷಸನ ಕ್ವಾಟ್ಯಾಗ ಗಂಗಿ ಅನ್ನೋ ಹೆಣ್ಮಗಳು ಸೆರಿ ಇದ್ಲು. ಅಕಿನ್ನ ಬಿಡಸಬೇಕಂತ ಏಳು ತಿಂಗಳು ಅಂವ ಊರೂರು ತಿರುಗಿ ಕಬ್ಬಿಣ ಕೂಡಿಸಿ ಒಂದು ಕೀಲಿಕೈ ಮಾಡಿದ್ದ. ಅದರ ಚಿತ್ರ ನೋಟಬುಕ್ಕಿನಾಗ ನಾಕು ಸಲ ತಗದಿದ್ದ. ಕಡೀಕ ಕ್ವಾಟಿಗೆ ಬಂದ್ರು. ಯಶವಂತ ಮೊದಲ ಪಾಳ್ಯಾಗ ರಾಕ್ಷಸನ್ನ ಕಡದ, ಎರಡನೇದ್ರಾಗ ಬಾಗಿಲಾ ಒದ್ದ. ಗಂಗಿ ಹೊರಗ ಬಂದ್ಲು.

ವಿಶ್ವಾಸ ಬಾಯಿ ತಗದ. "ನಾ... ನಾ ಏನ್ ಮಾಡಾವಿದ್ದೆ ಅಂದ್ರ..."

"ಮುಗದೇ ಹೋತಲ್ಲೋ, ಇನ್ನೇನ್ ಮಾಡ್ತಿ!" ಅಂದೆ ನಾನು.

ಅಂವ ಪೆನ್ಸಿಲ್ ಕೆಳಗಿಟ್ಟ. ನೋಟಬುಕ್ ಮುಚ್ಚಿದ. "ಇನ್ನ ಮ್ಯಾಲ ನಾ ಆಡಾಂಗಿಲ್ಲಕ್ಕಾ" ಅಂದ. ಇಷ್ಟು ಜಲ್ದಿ ಅಂವ ಜನ್ಮದಾಗ ಮಾತಾಡಿದ್ದಿಲ್ಲ. ಇದ್ದ ಒಂದು ಜಾಗಾನೂ ನಾನೇ ಕಸಕೊಂಡೆ ಅನಿಸ್ತು. ಮುಂದಿನ ವಾರ ಪೂರಾ ಅಂವ ಹೂಂ, ಉಹೂಂ ಬಿಟ್ಟು ಏನೂ ಮಾತಾಡ್ಲಿಲ್ಲ.

ಯಶವಂತಗೂ ಕೆಟ್ಟ ಅನಿಸಿತ್ತು. "ಅಕ್ಕೋರೆ, ಐತವಾರ ಕಮಲಾಪುರಕ್ಕ ಹೋಗೋಣ್ರಿ. ನಮ್ಮ ಆಯಿ ತ್ವಾಟದಾಗ ಕೆಂಪು ಬಾಳಿಹಣ್ಣು ಬಂದಾವ. ವಿಶ್ವಾಸನ್ನೂ ಕರ್ಕೊಂಡ್ ಬರ್ರಿ" ಅಂದ. ವಿಶ್ವಾಸ ಬಂದ. ಆಟಕ್ಕಲ್ಲ, ಹಣ್ಣಿಗೆ. ನಾ ಸುಮ್ನ ದಾಳ ಬ್ಯಾಗಿನಾಗ ಹಾಕ್ಕೊಂಡಿದ್ದೆ.

ಯಶವಂತನ ಆಯಿ ಅಂಬಮ್ಮ ಅಂದ್ರ ಎಂಬತ್ತರ ಮುದುಕಿ, ದನಿ ಮಾತ್ರ ಇಪ್ಪತ್ತರದ್ದು. ಹಣ್ಣು ತಿಂದು ಮುಗಸೋದ್ರಾಗ ಕಟ್ಟಿ ಮ್ಯಾಲ ಸುಣ್ಣದಾಗ ಚೌಕಾಬಾರದ ಮನಿ ಬರದು, "ಬರ್ರೇ ಆಡೋಣು" ಅಂದ್ಲು. ಕವಡಿ ಒಗದ್ಲು. ನಾಕು ಬಿತ್ತು, ಚೌಕಾ. ಚೌಕಾ ಬಿದ್ರ ಇನ್ನೊಂದು ಸಲ ಒಗಿಯೋದು ಎಲ್ಲಾ ಕಡೆ ಪದ್ಧತಿ. ಆದ್ರ ಅಂಬಮ್ಮ ಕವಡಿ ಎತ್ತಿ ಸೌಂದರ್ಯಾನ ಕೈಯಾಗ ಇಟ್ಲು.

"ಆಯಿ, ಅದು ನಿಮ್ಮದೇ ಆಟ ಅಲ್ಲೇನ್ರೀ?" ಅಂದೆ.

"ನಮ್ಮ ಮನ್ಯಾಗ ಮೊದಲಿಂದ ಹಿಂಗ ಯವ್ವಾ. ಜಾಸ್ತಿ ಬಂದ ಆಟ ತಾನು ಇಟ್ಕೋಬಾರ್ದು, ಮನಸಿಗೆ ಬಂದವರಿಗೆ ಕೊಡಬೇಕು. ನಾವು ನಾಕು ಮಂದಿ ಸೊಸ್ತ್ಯಾರು ಇದ್ವಿ. ಒಬ್ಬಾಕಿಗೇ ಮ್ಯಾಲಿಂದ ಮ್ಯಾಲ ಚೌಕಾ ಬಿದ್ರ ಉಳದವರು ಎದ್ದು ರೊಟ್ಟಿ ಮಾಡಾಕ ಹೋಗಿಬಿಡೋರು. ಆಟಾನೇ ನಿಂತು ಹೋಗೋದು. ಅದಕ್ಕ ನಮ್ಮತ್ತಿ ಹಿಂಗ ಮಾಡಿದ್ಲು."

ನಾ ಯಶವಂತನ ಮಾರಿ ನೋಡಿದೆ, ಅಂವ ನನ್ನ ಮಾರಿ ನೋಡಿದ. ಹಣೆ ಬಡಕೊಳ್ಳಬೇಕು ಅನಿಸ್ತು. ಎರಡು ತಿಂಗಳು ನಾ ಚಪ್ಪಲಿಗೆ ಸುಸ್ತು ಹಚ್ಚಿದೆ, ಲೆಕ್ಕಾ ಹಚ್ಚಿದೆ, ಇದೊಂದು ಹೊಳೀಲಿಲ್ಲ.

ಚೌಕಾಬಾರಾ ಮುಗದ ಮ್ಯಾಲ ದಾಳ ಹೊರಗ ತಗದೆ. "ಕಥಿ ಹಿಂದ ಹೋಗ್ಯದ" ಅಂದೆ. "ಕ್ವಾಟಿ ಬಾಗಿಲಾ ಹಾಕೇದ. ರಾಕ್ಷಸ ಎದುರಿಗೇ ನಿಂತಾನ. ಗಾಳಿ ಚಪ್ಪಲಿ ಇವತ್ತಿಂದ ಹಿಂಗ: ಹಾಕ್ಕೊಂಡವ ಗಾಳಿ ಎಬ್ಬಸ್ತಾನ, ಆ ಗಾಳಿ ಇನ್ನೊಬ್ಬರನ್ನ ಒಯ್ತದ. ಎರಡನೇ ಪಾಳಿ ತನಗಿಲ್ಲ, ಕೊಡಬೇಕು." ವಿಶ್ವಾಸ ಹಣ್ಣಿನ ಸಿಪ್ಪಿ ಸುತ್ತಿಕೊಂತ ಕುಂತಿದ್ದ, ಎದ್ದು ಹೋಗ್ಲಿಲ್ಲ.

ಯಶವಂತ ತನ್ನ ಪಾಳ್ಯಾಗ ರಾಕ್ಷಸನ್ನ ತಡದು ನಿಂತ. ಆಮ್ಯಾಲ, "ಎರಡನೇದು ವಿಶ್ವಾಸಗ" ಅಂದ.

ವಿಶ್ವಾಸ ಸಿಪ್ಪಿ ಕೆಳಗಿಟ್ಟ. ರಸ್ತಾದಾಗ ಒಂದು ಟ್ರ್ಯಾಕ್ಟರ್ ಬಂತು, ಹೋತು. ಕೀಲಿಕೈ ಹಾಕಿ ಬಾಗಿಲಾ ತೆಗೀತಾನ, ಮತ್ತೇನ್ ಮಾಡ್ತಾನ? ಮಾತು ನನ್ನ ನಾಲಿಗಿ ತುದಿಗೆ ಬಂದಿತ್ತು. ತುಟಿ ಕಚ್ಚಿ ಹಿಡದೆ. ಖರೇ ಹೇಳ್ತೀನಿ, ಜೀವಾ ಹೋದಂಗಾತು.

"ನಾ ಬಾಗಿಲಾ ತೆಗೆಯಾಂಗಿಲ್ಲ" ಅಂದ ಅಂವ. ಮತ್ತ ತಡದ. "ಕೀಲಿಕೈ ಕಿಟಕ್ಯಾಗಿಂದ ಒಳಗ ಕೊಡ್ತೀನಿ. ನಾ ಅದನ್ನ ಒಳಗಿಂದ ತಿರುಗೋ ಹಂಗ ಮಾಡೀನಿ. ಗಂಗಿ... ಗಂಗಿ ತಾನೇ ಬಾಗಿಲಾ ತಗದು ಹೊರಗ ಬರ್ಲಿ."

ಏಳು ತಿಂಗಳು ನನ್ನ ಮಗ್ಗಲೇ ಕುಂತು ಆ ಚಿತ್ರ ತಗದಿದ್ದ. ನಾ ಒಂದಿನಾನೂ ಕೇಳಿದ್ದಿಲ್ಲ. ದಾಳ ಒಗದ. ಹದಿನೆಂಟು ಬಿತ್ತು, ಕೆಲಸ ಆತು. ಸೌಂದರ್ಯಾ ಚಪ್ಪಾಳಿ ಹೊಡದ್ಲು. ನನ್ನ ಕಣ್ಣಾಗ ನೀರು ಬಂತು, ಸೆರಗಿಲೆ ಒರಸಿಕೊಂಡೆ.

ಅಂಬಮ್ಮ ಚಾ ತಂದ್ಲು. ಸಕ್ರಿ ಡಬ್ಬಿ ಬ್ಯಾರೇನೇ ಹಿಡಕೊಂಡು, "ನಿನಗೆಷ್ಟು ಹಾಕ್ಲೋ ತಮ್ಮಾ?" ಅಂತ ವಿಶ್ವಾಸನ್ನ ಕೇಳಿದ್ಲು.

"ಅಂವಗ ಸಕ್ರಿ..." ಅಂತ ನನ್ನ ಬಾಯಿ ತಾನೇ ತೆರೀತು. ಕಮ್ಮಿ ಅನ್ನಾಕಿದ್ದೆ. ಹತ್ತು ವರ್ಷದಿಂದ ಕಂಡ ಕಂಡ ಮನ್ಯಾಗ ಅದನ್ನೇ ಹೇಳಿಕೋತ ಬಂದೀನಿ. ಹೇಳಲಿಲ್ಲ, ತಡದೆ. ಅಂಬಮ್ಮನೂ ಚಮಚಾ ಹಿಡಕೊಂಡು ತಡದ್ಲು.

"ಎರಡು ಚಮಚಾ ಹಾಕ್ರಿ ಆಯಿ" ಅಂದ ವಿಶ್ವಾಸ. "ನಂಗ ಸಿಹಿ ಚಾ ಅಂದ್ರ ಭಾಳ ಸೇರ್ತದ."

"ಅಯ್ಯ ನಿನ್ನ! ಇಷ್ಟು ವರ್ಷ ಯಾಕ ಹೇಳ್ಲಿಲ್ಲೋ?" ಅಂದೆ.

ಅಂವ ಚಾ ಊದಿ ಒಂದು ಗುಟುಕು ಕುಡದ. ಸಿಟ್ಟಿಲ್ಲ, ಏನಿಲ್ಲ.

"ಪಾಳಿ ಬರ್ಲಿಲ್ಲಲ್ಲಕ್ಕಾ" ಅಂದ.